‘ಟ್ಯಾಪರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಪ್ಯಾರಾ ಈಜಿನ, ಅಂದರೆ ದೇಹದ, ದೃಷ್ಟಿಯ ಇಲ್ಲವೇ ಬೌದ್ಧಿಕ ತೊಂದರೆ ಇರುವವರು ಈಜುವ, ಅಂತರರಾಷ್ಟ್ರೀಯ ಸ್ಪರ್ಧೆಗಳ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ: ಟ್ಯಾಪರ್.

ಎಸ್11 ವರ್ಗದ ಈಜುಗಾರರಿಗೆ ಕಣ್ಣು ಕಾಣುವುದಿಲ್ಲ, ಇಲ್ಲವೇ ತೀರಾ ಕಡಿಮೆ ಕಾಣುತ್ತದೆ. ಸ್ವಲ್ಪ ಕಾಣುವವರಿಗೆ ಹೆಚ್ಚಿನ ಅನುಕೂಲ ಆಗದಿರಲಿ ಅಂತ ಎಲ್ಲರೂ ಕಪ್ಪು ಮಾಡಿದ ಗಾಗಲ್ಸ್ ಹಾಕಿಕೊಂಡೇ ಈಜಬೇಕು. ಹಾಗಾದರೆ ಗೋಡೆ ಬಂತು ಅಂತ ಗೊತ್ತಾಗುವುದು ಹೇಗೆ? ಕೊಳದ ಎರಡೂ ತುದಿಯಲ್ಲಿ ಒಬ್ಬೊಬ್ಬರು ಉದ್ದನೆಯ ಕೋಲು ಹಿಡಿದು ನಿಂತಿರುತ್ತಾರೆ. ಕೋಲಿನ ತುದಿಗೆ ಮೆತ್ತನೆಯ ಉಂಡೆ. ಈಜುವವರು ಹತ್ತಿರ ಬರುತ್ತಿದ್ದಂತೆ ಮುಂದಕ್ಕೆ ಬಾಗಿ ತಲೆಗೋ ಬೆನ್ನಿಗೋ ತಟ್ಟುತ್ತಾರೆ. ಬೇಗ ತಟ್ಟಿದರೆ ಚಾಚಿದ ಕೈಗೆ ಗೋಡೆ ಸಿಗುವುದಿಲ್ಲ. ತಡವಾದರೆ ತಲೆಯೇ ಗೋಡೆಗೆ ಬಡಿಯುತ್ತದೆ. ಇವರೇ ಟ್ಯಾಪರ್.

ಮೊದಲ ಕರಡಿನಲ್ಲಿ ‘ಕೋಲಿನಿಂದ ಹೊಡೆಯುತ್ತಾರೆ’ ಅಂತ ಬರೆದಿದ್ದೆ. ಓದಿದ ಗೆಳತಿ ಗಾಬರಿಯಾಗಿ, ‘ಅಯ್ಯೋ, ಪಾಪ, ಯಾಕೆ ಹೊಡೀತಾರೆ?’ ಅಂದಳು. ಅವಳ ತಪ್ಪಲ್ಲ. ಕೋಲು, ಹೊಡೆ ಎರಡೂ ಒಟ್ಟಿಗೆ ಬಂದರೆ ಕನ್ನಡದಲ್ಲಿ ಶಿಕ್ಷೆಯೇ ಕಣ್ಣಿಗೆ ಕಟ್ಟುತ್ತದೆ. ಬಡಿ, ಕುಟ್ಟು ಕೂಡ ಹಾಗೇ. ‘ಸನ್ನೆಗಾರ’ ಅನ್ನೋಣ ಅಂದರೆ ಕಣ್ಸನ್ನೆ, ಕೈಸನ್ನೆ ಎಲ್ಲ ನೋಡಿ ತಿಳಿಯುವಂಥವು. ‘ಮಾರ್ಗದರ್ಶಕ’ ಓಟಕ್ಕೆ ಬೇಕಾದ ಪದ. ಅಲ್ಲಿ ಕಾಣದ ಓಟಗಾರರ ಕೈಗೆ ದಾರ ಹಿಡಿಸಿ ಜೊತೆಗೇ ಓಡುವವರು ಇರುತ್ತಾರಲ್ವಾ, ಅವರಿಗೇ ಅದು ಇರಲಿ.

‘ತಟ್ಟು’ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಬಾಗಿಲು ತಟ್ಟುತ್ತೇವೆ, ಮಲಗಿದವರನ್ನು ತಟ್ಟಿ ಎಬ್ಬಿಸುತ್ತೇವೆ. ಎರಡರಲ್ಲೂ ಸುದ್ದಿ ಮುಟ್ಟಿಸುವ ಕೆಲಸವಿದೆ, ನೋವಿಲ್ಲ. ಒಂದೇ ಒಂದು ತೊಡಕು. ‘ಬೆನ್ನು ತಟ್ಟಿದರು’ ಅಂದರೆ ಶಹಬ್ಬಾಸ್ ಅಂದ ಹಾಗಾಗುತ್ತದೆ. ಅದಕ್ಕೇ ‘ಬೆನ್ನಿಗೆ ತಟ್ಟಿದರು’ ಅಂತ ಬರೆಯುತ್ತಿದ್ದೇನೆ. ಆ ‘ಗೆ’ ಸೇರಿದ ಕೂಡಲೇ ಹೊಗಳಿಕೆ ಹೋಗಿ ಬರೀ ತಟ್ಟುವುದು ಉಳಿಯುತ್ತದೆ ಅಂತ ನನ್ನ ಕಿವಿ ಹೇಳುತ್ತದೆ. ನಿಮಗೂ ಹಾಗೇ ಕೇಳಿಸುತ್ತಾ?

ಇನ್ನು ಪದದ ರೂಪ. ‘ತಟ್ಟಾಳು’ ಬೇಡ ಅನ್ನಿಸಿತು, ‘ಆಳು’ ಅಂದರೆ ಕೂಲಿಯವರ ನೆನಪಾಗುತ್ತದೆ. ಇವರಾದರೋ ತಿಂಗಳುಗಟ್ಟಲೆ ಜೊತೆಗೆ ಅಭ್ಯಾಸ ಮಾಡಿ ಈಜುಗಾರರ ಲಯ ಹಿಡಿದವರು. ‘ತಟ್ಟುಗಾರ’ ಆಗಬಹುದು, ಆಗ ‘ತಟ್ಟುಗಾರ್ತಿ’ಯೂ ಬೇಕು. ನನಗೆ ಜಾಸ್ತಿ ಹಿಡಿಸಿದ್ದು ‘ತಟ್ಟುಗ’. ಓದುಗ, ಕೇಳುಗ ಇದ್ದ ಹಾಗೆ. ‘ತಟ್ಟುಗರು’ ಅಂದರೆ ಗಂಡಸರಿಗೂ ಹೆಂಗಸರಿಗೂ ಆಯಿತು.

‘ಪ್ಯಾರಾ’ವನ್ನು ನಾನು ಮುಟ್ಟಿಲ್ಲ. ಗ್ರೀಕಿನಲ್ಲಿ ಅದಕ್ಕೆ ‘ಪಕ್ಕದಲ್ಲಿ’ ಅಂತ ಅರ್ಥ. ಒಲಿಂಪಿಕ್ಸ್ ಪಕ್ಕದಲ್ಲೇ ನಡೆಯುವ ಪ್ಯಾರಾಲಿಂಪಿಕ್ಸ್. 1960ರ ರೋಮ್ ಕೂಟದಿಂದಲೂ ಅಲ್ಲಿ ಈಜು ಇದೆ. ‘ಅಂಗವಿಕಲರ ಈಜು’ ಅಂತ ಬರೆದರೆ ಈಜಿಗಿಂತ ಮೊದಲು ಕೊರತೆಯೇ ಕಾಣುತ್ತದೆ.

ಎಸ್11 ಅನ್ನುವಲ್ಲಿ ಕೆಲವರು ‘ದರ್ಜೆ’ ಅಂತ ಬರೆಯುತ್ತಾರೆ. ದಯವಿಟ್ಟು ‘ವರ್ಗ’ ಅನ್ನೋಣ. ದರ್ಜೆ ಅಂದರೆ ಮೇಲು ಕೀಳು ಬಂದುಬಿಡುತ್ತದೆ. ಎಸ್ ಮುಂದಿನ ಸಂಖ್ಯೆಗಳಲ್ಲಿ 1ರಿಂದ 10 ದೇಹದ ತೊಂದರೆ ಇರುವವರಿಗೆ, 11ರಿಂದ 13 ದೃಷ್ಟಿಯ ತೊಂದರೆಗೆ, 14 ಬೌದ್ಧಿಕ ತೊಂದರೆಗೆ. ಒಬ್ಬರಿಗೇ ಫ್ರೀಸ್ಟೈಲ್‌ನಲ್ಲಿ ಒಂದು ಸಂಖ್ಯೆ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಇನ್ನೊಂದು ಇರಬಹುದು, ಯಾಕೆಂದರೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲಿನ ಕೆಲಸ ಜಾಸ್ತಿ.

ಬರಹದಲ್ಲಿ ಸದ್ಯಕ್ಕೆ ಸಾಲು ಹೀಗಿದೆ: ‘ಗೋಡೆ ಇನ್ನೇನು ಬಂತು ಅನ್ನುವಾಗ ತಟ್ಟುಗರು ಅವಳ ತಲೆಗೆ ತಟ್ಟಿದರು. ಅವಳು ಕೈ ಚಾಚಿದಳು.’ ಹತ್ತು ವರ್ಷದ ಮಗು ಓದಿದರೆ ಎಲ್ಲಾದರೂ ತಡೆಯುತ್ತಾ, ಹೇಳಿ.