ಅಪ್‌ಡೇಟ್: ಮುತ್ತಜ್ಜನ ಮೂಲಮನೆ ಸಿಕ್ಕಿತು
ಉಡುಪಿ ಕಡೆಯ ನಮ್ಮ ಮುತ್ತಜ್ಜನ ಮೂಲಮನೆಯನ್ನು ಪತ್ತೆಹಚ್ಚುವುದು ಹೇಗೆಂದು ಹಿಂದೆ ಕೇಳಿದ್ದೆ. ಹಳೆಯ ಉಯಿಲು ಹುಡುಕಿ ಎಂದವರಿಗೆ ಕೈಮುಗಿಯುತ್ತೇನೆ. 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಿದ ಉಯಿಲುಗಳು ನೋಂದಣಿ ಕಚೇರಿಯ 3ನೇ ದಾಖಲೆ ಪುಸ್ತಕದಲ್ಲಿರುತ್ತವೆ. ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅರ್ಜಿ ಕೊಟ್ಟು ನಕಲು ಪಡೆಯಬಹುದು.

ಹಾಗೆ ಪಡೆದ ನಕಲು ನೋಡಿದರೆ, ಮುತ್ತಜ್ಜ ತನ್ನ ಸ್ವಯಾರ್ಜಿತ ಗದ್ದೆಯನ್ನು ಬರೆದಿಟ್ಟದ್ದು ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ! ನಮ್ಮದು ಅಳಿಯಸಂತಾನದ ಕುಟುಂಬ, ಅಂದರೆ ಮನೆತನವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಪದ್ಧತಿ. ನಾನೋ ಇಷ್ಟು ದಿನ ತಂದೆ, ತಂದೆಯ ತಂದೆ ಎಂದೇ ಹುಡುಕುತ್ತಿದ್ದೆ. ಹಿಡಿಯಬೇಕಿದ್ದದ್ದು ತಾಯಿಯ ಸಾಲನ್ನು. ಗುಮಾಸ್ತರ ಓರೆ ಅಕ್ಷರಗಳಲ್ಲಿ ಆ ತಂಗಿಯ ಹೆಸರು, ಪಕ್ಕದಲ್ಲೇ ಮನೆಯ ಹೆಸರು. ಓದುತ್ತ ಕಣ್ಣು ತುಂಬಿ ಬಂತು.

ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ.