ಪದಚರ್ಚೆ: ಶಾಲಾ ಲೈಬ್ರೆರಿಯ ವೆಬ್ ಪಟ್ಟಿಯಲ್ಲಿ ‘ವಿಷಯ ಶೀರ್ಷಿಕೆ’, ‘ಕೀಲಿಪದ’, ‘ಹಣೆಪಟ್ಟಿ’

ಪ್ರಶ್ನೆ: ಲೈಬ್ರೆರಿ ಚಾರ್ಜಿನ ಅಧ್ಯಾಪಿಕೆ, ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯ ಒಂದು ಹೈಸ್ಕೂಲು

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮದು ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿರುವ ಶಾಲೆ. ಸ್ಟಾಕ್ ರಿಜಿಸ್ಟರಿನಲ್ಲಿರುವ ಪುಸ್ತಕಗಳನ್ನು ಕೊಹಾ ಎಂಬ ಲೈಬ್ರೆರಿ ತಂತ್ರಾಂಶಕ್ಕೆ ಸೇರಿಸಿ, ಮಕ್ಕಳು ಮನೆಯಲ್ಲೇ ಮೊಬೈಲಿನಿಂದ ಹುಡುಕುವಂತೆ ಮಾಡಬೇಕೆಂದಿದೆ. ಸದ್ಯ ಗೂಗಲ್ ಶೀಟಿನಲ್ಲಿ ವಿವರ ತುಂಬಿಸುತ್ತಿದ್ದೇವೆ. ಶೀಟಿನ ತಲೆಬರಹಗಳು ಮಲಯಾಳದ ಒಂದು ಮಾದರಿಯಿಂದ ಕನ್ನಡಕ್ಕೆ ಬಂದವು. ಸಬ್ಜೆಕ್ಟ್ ಹೆಡಿಂಗ್‌ಗೆ ‘ವಿಷಯ ಶೀರ್ಷಿಕೆ’, ಕೀವರ್ಡ್‌ಗೆ ‘ಕೀಲಿಪದ’, ಟ್ಯಾಗ್‌ಗೆ ‘ಹಣೆಪಟ್ಟಿ’ ಎಂದಿದೆ. ತುಂಬಿಸುವ ಮಕ್ಕಳು ಮೂರರಲ್ಲೂ ಒಂದೇ ಪದ ಬರೆದಿಡುತ್ತಾರೆ, ಇಲ್ಲವೇ ಶೀರ್ಷಿಕೆ ಎಂದಿರುವಲ್ಲಿ ಪುಸ್ತಕದ ಹೆಸರನ್ನೇ ಹಾಕುತ್ತಾರೆ. ಈ ಮೂರರ ಅರ್ಥದಲ್ಲಿ ವ್ಯತ್ಯಾಸ ಎಲ್ಲಿದೆ, ಕನ್ನಡದಲ್ಲಿ ಏನು ಬರೆದರೆ ಸರಿ? ಲಿಂಕ್‌ಗೆ ‘ಕಣ್ಣಿ’, ರೆಫರೆನ್ಸ್‌ಗೆ ‘ಅವಲಂಬ’ ಎಂದೂ ಬಂದಿದೆ. ಅವು ಸಲ್ಲುತ್ತವೆಯೇ?

ಉತ್ತರ: ಕಾಲೇಜು ಲೈಬ್ರೆರಿಯೊಂದರ ಕ್ಯಾಟಲಾಗ್ ವಿಭಾಗದಿಂದ

ಟೀಚರ್, ಆ ಅಂಕಣವನ್ನು ತುಂಬಿಸುವವರು ಯಾರು, ಪದವನ್ನು ಎಲ್ಲಿಂದ ತರುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಮೂರರ ನಡುವಿನ ವ್ಯತ್ಯಾಸ ಅಷ್ಟೇ.

ಸಬ್ಜೆಕ್ಟ್ ಹೆಡಿಂಗ್ ಎಂದರೆ ಮೊದಲೇ ತಯಾರಿಟ್ಟ ಪಟ್ಟಿಯಿಂದ ಲೈಬ್ರೆರಿಯವರು ಆರಿಸಿದ ಪದ. ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಪುಸ್ತಕದ ಒಂದೊಂದು ವಿವರವನ್ನೂ ಸಂಖ್ಯೆ ಕೊಟ್ಟ ಕ್ಷೇತ್ರಗಳಲ್ಲಿ ಇಡುವ ಮಾರ್ಕ್ 21 ನಮೂನೆಯನ್ನು ಕೊಹಾ ಬಳಸುತ್ತದೆ, ಅದರಲ್ಲಿ ಇದು 650ನೇ ಕ್ಷೇತ್ರ. ವ್ಯಕ್ತಿಯ ಬಗ್ಗೆ ಇರುವ ಪುಸ್ತಕವಾದರೆ 600, ಊರಿನ ಬಗ್ಗೆಯಾದರೆ 651. ಕೀವರ್ಡ್ ಎಂದರೆ ಪಟ್ಟಿಯ ಹಂಗಿಲ್ಲದೆ, ಪುಸ್ತಕದ ಒಳಗಿನಿಂದಲೇ ಎತ್ತಿಕೊಂಡ ಪದ. ಅದಕ್ಕೆ 653. ಟ್ಯಾಗ್ ಈ ದಾಖಲೆಯೊಳಗೆ ಬರುವುದೇ ಇಲ್ಲ. ಅದು ಓದುಗ ಲಾಗಿನ್ ಆಗಿ, ಪುಸ್ತಕದ ಪುಟದಲ್ಲಿ ತಾನೇ ಅಂಟಿಸುವ ಪದ. ಕೊಹಾ ಅದನ್ನು ಬೇರೆಯೇ ಕೋಷ್ಟಕದಲ್ಲಿ ಇಡುತ್ತದೆ. ಹಾಗಾಗಿ ನಿಮ್ಮ ಶೀಟಿನಿಂದ ಟ್ಯಾಗ್ ಅಂಕಣವನ್ನು ತೆಗೆದೇಬಿಡಿ, ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಕೊಹಾ ಚಾಲೂ ಆದ ಮೇಲೆ ಸಿಸ್ಟಮ್ ಪ್ರಿಫರೆನ್ಸಿನಲ್ಲಿ ಟ್ಯಾಗ್ಸ್‌ಎನೇಬಲ್ಡ್, ಟ್ಯಾಗ್ಸ್‌ಮಾಡರೇಶನ್ ಎರಡನ್ನೂ ಆನ್ ಮಾಡಿ. ಎರಡನೆಯದನ್ನು ಮರೆತರೆ ಮಕ್ಕಳು ಬರೆದದ್ದೆಲ್ಲ, ಗೆಳೆಯನ ಅಡ್ಡಹೆಸರು ಸಹಿತ, ನಿಮ್ಮ ಒಪ್ಪಿಗೆಗೆ ಕಾಯದೆ ಎಲ್ಲರಿಗೂ ಕಾಣುತ್ತದೆ.

ವಿಷಯದ ಪಟ್ಟಿಗೆ ಅದೇ ಗೂಗಲ್ ಶೀಟಿನಲ್ಲಿ ಇನ್ನೊಂದು ಹಾಳೆ ಸಾಕು. ಒಂದು ಅಂಕಣದಲ್ಲಿ ಬಳಸುವ ಪದ, ಪಕ್ಕದಲ್ಲಿ ಬಳಸಬಾರದ ರೂಪಗಳು. ‘ಅಡಿಕೆ’ ಎಂದು ಗೊತ್ತುಮಾಡಿದರೆ ‘ಅಡಕೆ’, ‘ಕಂಗು’ ಎರಡರ ಎದುರಿಗೂ ‘ನೋಡಿ: ಅಡಿಕೆ’ ಎಂದು ಬರೆಯಿರಿ. ‘ಭೂತಾರಾಧನೆ’, ‘ದೈವಾರಾಧನೆ’, ‘ಭೂತಕೋಲ’ಗಳಲ್ಲಿ ಒಂದನ್ನು ಉಳಿಸಿಕೊಳ್ಳಿ. ‘ತೆಯ್ಯಂ’ ಅನ್ನು ಮಾತ್ರ ಅದರೊಳಗೆ ತುರುಕಬೇಡಿ. ಚಂದ್ರಗಿರಿ ಹೊಳೆಯ ಆಚೆ ಈಚೆ ಇವು ಬಳಕೆಯಲ್ಲೂ ಆಚರಣೆಯಲ್ಲೂ ಬೇರೆ, ‘ಇದನ್ನೂ ನೋಡಿ’ ಎಂಬ ಸಂಬಂಧ ಸಾಕು. ಆಮೇಲೆ ಮುಖ್ಯ ಹಾಳೆಯ ವಿಷಯದ ಅಂಕಣವನ್ನು ಪೂರ್ತಿ ಆರಿಸಿ, ಡೇಟಾ ಮೆನುವಿನ ಡೇಟಾ ವ್ಯಾಲಿಡೇಶನ್‌ನಲ್ಲಿ ಆ ಪಟ್ಟಿಯನ್ನು ಡ್ರಾಪ್‌ಡೌನಾಗಿ ಕೊಡಿ, ಪಟ್ಟಿಯಲ್ಲಿಲ್ಲದ ಪದವನ್ನು ತಿರಸ್ಕರಿಸುವ ಆಯ್ಕೆ ಹಾಕಿ.

ಒಂದು ಪುಸ್ತಕಕ್ಕೆ ಎರಡು ವಿಷಯ ಬೇಕಾದರೆ ‘ವಿಷಯ 1’, ‘ವಿಷಯ 2’ ಎಂದು ಎರಡು ಅಂಕಣ ಮಾಡುವುದು ಒಳ್ಳೆಯದು. ಒಂದೇ ಕೋಶದಲ್ಲಿ ‘ಯಕ್ಷಗಾನ, ತಾಳಮದ್ದಳೆ’ ಎಂದು ಬರೆದು, ಶೀಟನ್ನು ಮಾರ್ಕ್ ದಾಖಲೆಯಾಗಿಸುವ ಮಾರ್ಕ್‌ಎಡಿಟ್‌ ತಂತ್ರಾಂಶದಲ್ಲಿ ಹಾಗೆಯೇ 650ಕ್ಕೆ ಜೋಡಿಸಿದರೆ ಇಡೀ ಸಾಲು ಒಂದೇ ಶೀರ್ಷಿಕೆಯಾಗಿ ಕೂರುತ್ತದೆ. ಆಮೇಲೆ ‘ಯಕ್ಷಗಾನ’ದ ಕೊಂಡಿ ಒತ್ತಿದಾಗ ಬರುವ ಗುಂಪಿನ ಜೊತೆ ಅದು ಸೇರುವುದಿಲ್ಲ.

ಉತ್ತರ: ಕನ್ನಡ ಅಧ್ಯಾಪಕರು, ಮಂಜೇಶ್ವರ ಕಡೆ

ಮೇಲಿನದು ಕ್ಯಾಟಲಾಗಿನ ಕಡೆಯಿಂದ ಸರಿ. ಪದದ ಕಡೆಯಿಂದ ನೋಡಿದರೆ ಮಕ್ಕಳು ತಪ್ಪುತ್ತಿರುವುದಕ್ಕೆ ಕಾರಣ ಅವರ ಅಸಡ್ಡೆಯಲ್ಲ. ಮಲಯಾಳದಲ್ಲಿ ‘ಶೀರ್ಷಕಂ’ ಎಂದರೆ ಕೃತಿಯ ಹೆಸರು, ಲೇಖನದ ತಲೆಬರಹ. ಕನ್ನಡದ ‘ಶೀರ್ಷಿಕೆ’ಗೂ ಮೊದಲು ಹೊಳೆಯುವ ಅರ್ಥ ಅದೇ. ಲೈಬ್ರೆರಿ ವಿಜ್ಞಾನದ ಪುಸ್ತಕದಲ್ಲಿ ‘ವಿಷಯ ಶೀರ್ಷಿಕೆ’ ಇದೆ, ಅಲ್ಲಿ ಇರಲಿ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅದು ಪುಸ್ತಕದ ಹೆಸರೇ. ಬರೀ ‘ವಿಷಯ’ ಎಂದರೂ ಕಷ್ಟ, ಶಾಲೆಯಲ್ಲಿ ವಿಷಯವೆಂದರೆ ಗಣಿತ, ಸಮಾಜ, ಹಿಂದಿ. ಮಕ್ಕಳು ನೋಡುವ ಫಾರ್ಮಿನಲ್ಲಿ ‘ಪುಸ್ತಕ ಯಾವುದರ ಬಗ್ಗೆ? (ಪಟ್ಟಿಯಿಂದ ಆರಿಸಿ)’ ಎಂದೇ ಬರೆಯಬಹುದು. ಹೆಸರಿನ ಅಂಕಣಕ್ಕೆ ‘ಪುಸ್ತಕದ ಹೆಸರು’. ಎರಡೂ ಕಡೆ ಶೀರ್ಷಿಕೆ ಎಂಬ ಪದ ಬೇಡ.

‘ಕೀಲಿಪದ’ ನನಗೆ ಒಗ್ಗದು. ಕೀಲಿ ಎಂದರೆ ಬೀಗ ತೆರೆಯುವ ವಸ್ತು. ಲಾಗಿನ್ ಇರುವ ಪುಟದಲ್ಲಿ ಕೀಲಿಪದ ಕೊಡಿ ಎಂದರೆ ಪಾಸ್‌ವರ್ಡ್ ಕೇಳುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ‘ಹುಡುಕುಪದ’ ಎನ್ನಿ. ಕ್ರಿಯಾಪದದ ಮುಂದೆ ನಾಮಪದ ಕೂಡಿಸುವುದು ‘ಸುಡುಗಾಡು’, ‘ಕಡೆಗೋಲು’ ಮಾದರಿಯಲ್ಲಿ ಕನ್ನಡದ್ದೇ ಜಾಯಮಾನ, ಅರ್ಥವೂ ಮೇಲೆಯೇ ಕಾಣುತ್ತದೆ.

‘ಹಣೆಪಟ್ಟಿ’ ಖಂಡಿತ ಬೇಡ. ಹಣೆಪಟ್ಟಿ ಕಟ್ಟುವುದು ಎಂದರೆ ಒಬ್ಬನ ಮೇಲೆ ಹೊರಿಸುವುದು. ‘ಗುರುತುಚೀಟಿ’ ಗುರುತಿನ ಚೀಟಿಯ ಹತ್ತಿರ ಹೋಗುತ್ತದೆ. ಟ್ಯಾಗ್ ಎಂಬುದು ಮಕ್ಕಳ ಬಾಯಲ್ಲಿ ಆಗಲೇ ಇದೆ, ‘ಟ್ಯಾಗ್ ಹಾಕು’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

‘ಕಣ್ಣಿ’ ಒಳ್ಳೆಯ ದ್ರಾವಿಡ ಪದ, ಮಲಯಾಳದಲ್ಲಿ ಸರಪಳಿಯ ಕೊಂಡಿಗೆ ಹೇಳುವುದು ಹಾಗೆಯೇ. ಮಲಯಾಳ ವಿಕಿಪೀಡಿಯದಲ್ಲಿ ‘ಪುರಂಕಣ್ಣಿಗಳ್’ ಎಂದು ನೋಡಿದ್ದೀರಿ. ಕನ್ನಡದಲ್ಲಿ ಕಣ್ಣಿ ದನ ಕಟ್ಟುವ ಹಗ್ಗ. ಲಿಂಕ್‌ಗೆ ‘ಕೊಂಡಿ’ ಊರೂರಲ್ಲಿ ನಿಂತಾಗಿದೆ. ‘ಅವಲಂಬ’ ಮಲಯಾಳದಲ್ಲಿ ಆಧಾರಗ್ರಂಥ, ಕನ್ನಡದಲ್ಲಿ ಆಸರೆ. ‘ಆಕರ’ ಅಥವಾ ‘ಉಲ್ಲೇಖ’ ಎನ್ನಿ.

ಒಂದು ವ್ಯಾಕರಣದ ಮಾತು ಸೇರಿಸಲೇಬೇಕು. ಹುಡುಕುಪದವನ್ನು ವಿಭಕ್ತಿ ಹಚ್ಚದೆ ಬರೆಸಿ. ‘ಕಾಡಿನಲ್ಲಿ’, ‘ಕಾಡಿನ ಕುರಿತು’ ಎಂದು ಬರೆದರೆ ಹುಡುಕುವವನ ‘ಕಾಡು’ ಅಲ್ಲಿಗೆ ತಾಗದು. ಪದದ ಕೊನೆ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ ಹುಡುಕುವ ಉಪಾಯ ಇಂಗ್ಲಿಷಿಗೆ ಸರಿ, ನಮಗೆ ಪೂರ್ತಿ ಒದಗದು, ಏಕೆಂದರೆ ವಿಭಕ್ತಿ ಸೇರುವಾಗ ಕೊನೆಯ ಉಕಾರವೇ ಬಿದ್ದುಹೋಗುತ್ತದೆ. ‘ಕಾಡು*’ ಎಂದರೆ ‘ಕಾಡಿನ’ ಸಿಗುವುದಿಲ್ಲ. ‘ಕಾಡ*’ ಎಂದರೆ ಸಿಕ್ಕೀತು, ಜೊತೆಗೆ ಕಣ್ಣಿಗೆ ಹಚ್ಚುವ ಕಾಡಿಗೆಯೂ ಬಂದೀತು.

ಉತ್ತರ: ಐಟಿ ತರಬೇತಿ ನೋಡಿಕೊಳ್ಳುವ ಅಧ್ಯಾಪಕರು, ಬದಿಯಡ್ಕ ಕಡೆ

ಪದ ಯಾವುದೇ ಇರಲಿ, ಅದನ್ನು ಟೈಪ್ ಮಾಡಿದ ರೀತಿ ಸರಿಯಿಲ್ಲದಿದ್ದರೆ ಹುಡುಕಾಟ ಕೈಕೊಡುತ್ತದೆ. ‘ಗೋವಿಂದ ಪೈ’ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ಯಾವ ಲೈಬ್ರೆರಿಯಲ್ಲೂ ಈ ಹೆಸರು ಇರುತ್ತದೆ.

ಮೊದಲನೆಯದು ಅನುಸ್ವಾರ. ‘ಗೋವಿಂದ’ದಲ್ಲಿ ಬರಬೇಕಾದದ್ದು ‘ಂ’. ಎಷ್ಟೋ ಕಡತಗಳಲ್ಲಿ ಅದರ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ‘೦’ ಕೂತಿರುತ್ತದೆ: ‘ಗೋವಿ೦ದ’. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಸಂಕೇತ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಟ್ಟಿಗಳಲ್ಲಿ, ಸ್ಕ್ಯಾನ್ ಮಾಡಿ ಅಕ್ಷರವಾಗಿಸಿದ ಪಠ್ಯದಲ್ಲಿ ಇದರ ಕಾಟ ಹೆಚ್ಚು. ಹುಡುಕಿ ಬದಲಾಯಿಸುವಾಗ ಎಲ್ಲ ಸೊನ್ನೆಗಳನ್ನೂ ಬದಲಾಯಿಸಿದರೆ ‘೨೦೧೦’ರಂಥ ಇಸವಿ ಹಾಳಾಗುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಫೈಂಡ್ ಆಂಡ್ ರಿಪ್ಲೇಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ ಗುರುತು ಹಾಕಿ, ಹುಡುಕುವಲ್ಲಿ ([ಅ-ೌ])೦ ಎಂದೂ ಬದಲಿಗೆ $1ಂ ಎಂದೂ ಕೊಡಿ. ಅಕ್ಷರ ಅಥವಾ ಸ್ವರಚಿಹ್ನೆ ಆದ ಕೂಡಲೇ ಬರುವ ಸೊನ್ನೆ ಮಾತ್ರ ಬದಲಾಗುತ್ತದೆ, ಅಂಕಿಯ ಪಕ್ಕದ್ದು ಹಾಗೆಯೇ ಉಳಿಯುತ್ತದೆ.

ಎರಡನೆಯದು ‘ಗೋ’. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರದ ಚಿಹ್ನೆಯ ನಂತರ ದೀರ್ಘಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಆದರೆ ಹೋಲಿಸುವ ಮೊದಲು ಒಂದೇ ರೂಪಕ್ಕೆ ತರದ ತಂತ್ರಾಂಶಕ್ಕೆ ಅವು ಬೇರೆಯೇ. ನಿಮ್ಮ ಎಲ್ಲ ಮಕ್ಕಳೂ ಒಂದೇ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು ಹೆಸರಿನ ರೂಪ: ‘ಎಂ. ಗೋವಿಂದ ಪೈ’, ‘ಎಮ್. ಗೋವಿಂದ ಪೈ’, ‘ಮಂಜೇಶ್ವರ ಗೋವಿಂದ ಪೈ’, ‘ರಾಷ್ಟ್ರಕವಿ ಗೋವಿಂದ ಪೈ’. ಒಂದನ್ನು ನಿಶ್ಚಯಿಸಿ ವಿಷಯದ ಪಟ್ಟಿಯಲ್ಲೇ ಬರೆದಿಡಿ. ಬಿರುದನ್ನು ಹೆಸರಿಗಿಂತ ಮೊದಲು ಹಾಕಬೇಡಿ, ಅಕಾರಾದಿಯಲ್ಲಿ ಎಲ್ಲ ರಾಷ್ಟ್ರಕವಿಗಳೂ ‘ರ’ದ ಕೆಳಗೆ ಗುಂಪಾಗುತ್ತಾರೆ.

ಕೊಹಾದಲ್ಲಿ ಹುಡುಕಾಟವನ್ನು ನಡೆಸುವುದು ಜೀಬ್ರಾ ಎಂಬ ಹುಡುಕುಯಂತ್ರವಾಗಿದ್ದರೆ, ಅನುಸ್ಥಾಪಿಸುವವರಿಗೆ ಯೂನಿಕೋಡ್ ಲಿಪಿಗಳನ್ನು ಅರಿಯುವ ಐಸಿಯು ಸೂಚಿಕೆ (ಇಂಡೆಕ್ಸ್) ಹಾಕಲು ಹೇಳಿ. ಇಂಗ್ಲಿಷಿಗೆಂದು ಬರುವ ಸಿಎಚ್‌ಆರ್ ವ್ಯವಸ್ಥೆಯಲ್ಲಿ ಕನ್ನಡ, ಮಲಯಾಳದ ಪದಗಳು ಸರಿಯಾಗಿ ಸೂಚಿಕೆಗೆ ಸೇರುವುದಿಲ್ಲ. ದಾಖಲೆ ತೆರೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ ಎಂಬ ದೂರಿಗೆ ಸಾಮಾನ್ಯವಾಗಿ ಕಾರಣ ಇದು. ಬದಲಾಯಿಸಿದ ಮೇಲೆ ಇಡೀ ಸೂಚಿಕೆಯನ್ನು ಮತ್ತೆ ಕಟ್ಟಿಸಬೇಕು, ಇಲ್ಲವಾದರೆ ಹಳೆಯ ದಾಖಲೆಗಳು ಹಾಗೆಯೇ ಉಳಿಯುತ್ತವೆ. ಶೀಟಿನಿಂದ ಸಿಎಸ್‌ವಿ ಇಳಿಸಿ ನೇರ ಎಕ್ಸೆಲಿನಲ್ಲಿ ತೆರೆದು ಸೇವ್ ಮಾಡುವ ಅಭ್ಯಾಸವೂ ಬೇಡ, ಅದರ ಅಕ್ಷರಸಂಕೇತ ಯುಟಿಎಫ್-8 ಎಂದು ಎಕ್ಸೆಲಿಗೆ ಗೊತ್ತಾಗದೆ ಕನ್ನಡವೆಲ್ಲ ಕಲಸುಮೇಲೋಗರ ಆದೀತು. ಲಿಬ್ರೆ ಆಫೀಸಿನಲ್ಲಿ ತೆರೆದರೆ ಅಕ್ಷರಸಂಕೇತ ಯಾವುದೆಂದು ಅದೇ ಕೇಳುತ್ತದೆ.

ಮರುಪ್ರಶ್ನೆ: ಅದೇ ಅಧ್ಯಾಪಿಕೆ

ಎಲ್ಲರಿಗೂ ಧನ್ಯವಾದ. ‘ಹುಡುಕುಪದ’ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಬಾಕಿ ಇದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕಗಳಿಗೆ ಭಾಷೆಯ ಅಂಕಣದಲ್ಲಿ ಏನು ಹಾಕಬೇಕು? ಪಟ್ಟಿಯಲ್ಲಿ ತುಳು ಕಾಣುವುದಿಲ್ಲ, ಮಕ್ಕಳು ಕನ್ನಡ ಎಂದೇ ತುಂಬಿಸಿದ್ದಾರೆ.

ಉತ್ತರ: ಕ್ಯಾಟಲಾಗ್ ವಿಭಾಗದಿಂದ

ಮಾರ್ಕ್ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ‘ಕೆಎಎನ್’, ಮಲಯಾಳಕ್ಕೆ ‘ಎಂಎಎಲ್’ ಇವೆ. ತುಳುವಿಗೆ ಬೇರೆ ಸಂಕೇತವಿಲ್ಲ, ಇತರ ದ್ರಾವಿಡ ಭಾಷೆಗಳ ಒಟ್ಟು ಸಂಕೇತ ‘ಡಿಆರ್‌ಎ’ ಹಾಕುವುದು ಕ್ರಮ. 008ನೇ ಕ್ಷೇತ್ರದ 35ರಿಂದ 37ರವರೆಗಿನ ಸ್ಥಾನದಲ್ಲಿ ಅದನ್ನೇ ಇಡಿ. ತುಳು ಎಂದೇ ನಿಖರವಾಗಿ ದಾಖಲಿಸಲು 041ನೇ ಕ್ಷೇತ್ರ ಸೇರಿಸಿ. ಅದರ ಎರಡನೇ ಸೂಚಕ 7, ಉಪಕ್ಷೇತ್ರ ‘ಎ’ಯಲ್ಲಿ ತುಳುವಿನ ಸಂಕೇತ ‘ಟಿಸಿವೈ’, ಉಪಕ್ಷೇತ್ರ 2ರಲ್ಲಿ ಆ ಸಂಕೇತ ಬಂದ ಪಟ್ಟಿಯ ಹೆಸರು ‘ಐಎಸ್‌ಒ639-3’, ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಮಕ್ಕಳಿಗೆ ಇದು ಯಾವುದೂ ಕಾಣುವುದಿಲ್ಲವಾದ್ದರಿಂದ ವಿಷಯದ ಪಟ್ಟಿಗೆ ‘ತುಳು ಸಾಹಿತ್ಯ’, ‘ತುಳು ಭಾಷೆ’ ಎರಡನ್ನೂ ಸೇರಿಸಿ. ತುಳು ಕಥೆಗಳಿಗೆ ಮೊದಲನೆಯದು, ತುಳು ವ್ಯಾಕರಣ, ನಿಘಂಟುಗಳಿಗೆ ಎರಡನೆಯದು. ತುಳುವಿನ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ಭಾಷೆ ಕನ್ನಡ ಎಂದೇ ಇರಲಿ.