ಕಟ್ಟಡದ ವಿಷಯದಲ್ಲಿ 'ನಿರಚನೆ' ಸರಿಯೇ?

ನಮಸ್ಕಾರ. ವಾಸ್ತುಶಿಲ್ಪದ ಬಗೆಗಿನ ಒಂದು ಲೇಖನವನ್ನು ಅನುವಾದಿಸುತ್ತಿದ್ದೇನೆ. 'ಡಿಕನ್‌ಸ್ಟ್ರಕ್ಟಿವಿಸಂ' (ಕಟ್ಟಡದ ರೂಪವನ್ನು ಬೇಕೆಂದೇ ಮುರಿದಂತೆ, ಓರೆಯಾಗಿ ತೋರಿಸುವ ಪಂಥ) ಎಂಬಲ್ಲಿಗೆ ಬಂದು ಎರಡು ದಿನದಿಂದ ನಿಂತಿದ್ದೇನೆ.

ಫ್ರೆಂಚ್ ತತ್ವಜ್ಞಾನಿ ದೆರಿದಾ ಅವರ 'ಡಿಕನ್‌ಸ್ಟ್ರಕ್ಷನ್'ಗೆ, ಅಂದರೆ ಪಠ್ಯವನ್ನು ಬಿಡಿಸಿ ಅದರೊಳಗಿನ ನಂಬಿಕೆಗಳನ್ನು ಪ್ರಶ್ನಿಸುವ ಓದಿಗೆ, ನಮ್ಮ ವಿಮರ್ಶಕರು 'ನಿರಚನೆ' ಎನ್ನುತ್ತಾರೆ, ಕೆಲವರು 'ವಿರಚನೆ'. ಎರಡನೆಯದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಹಳೆಯ ಕಾವ್ಯಗಳ ಮುಖಪುಟದಲ್ಲಿ 'ಇಂಥ ಕವಿ ವಿರಚಿತ' ಎಂದಿರುತ್ತದಲ್ಲ, ಅಲ್ಲಿ ವಿರಚಿಸುವುದು ಎಂದರೆ ಕಟ್ಟುವುದೇ. 'ನಿರಚನೆ'ಗೂ ವ್ಯಾಕರಣದ ತಕರಾರಿದೆ: ನಿರ್+ರಸ 'ನೀರಸ' ಆಗುವಂತೆ ನಿರ್+ರಚನೆ 'ನೀರಚನೆ' ಆಗಬೇಕಿತ್ತು. ಹಾಗೆ ಬರೆದರೆ ನೀರಾವರಿಗೆ ಸಂಬಂಧಿಸಿದ್ದು ಅಂದುಕೊಂಡಾರು! ಇರಲಿ, ಬಳಕೆಯಲ್ಲಿ ಗೆದ್ದ ಪದದ ಜೊತೆ ಜಗಳ ಬೇಡ.

ನನ್ನ ತೊಡಕು ಬೇರೆ. 1988ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫಿಲಿಪ್ ಜಾನ್ಸನ್ ಮತ್ತು ಮಾರ್ಕ್ ವಿಗ್ಲಿ ಅವರು ಗೆಹ್ರಿ, ಜಹಾ ಹದೀದ್, ಐಸೆನ್‌ಮನ್ ಮೊದಲಾದ ವಾಸ್ತುಶಿಲ್ಪಿಗಳ ಕೆಲಸವನ್ನು ಪ್ರದರ್ಶನಕ್ಕಿಟ್ಟ ಮೇಲೆ ಈ ಹೆಸರು ನೆಲೆಯೂರಿತು. ಅಲ್ಲಿ ವಿಗ್ಲಿ ತೋರಿಸಿದ ಬೇರು ದೆರಿದಾ ಅಲ್ಲ, ರಷ್ಯದ ಕನ್‌ಸ್ಟ್ರಕ್ಟಿವಿಸಂ ಎಂಬ ಕಲಾಪಂಥ. ಅದನ್ನು ತಿರುಚಿದ್ದಕ್ಕೇ 'ಡಿ'. ಹಾಗೆಂದು ದೆರಿದಾರನ್ನು ಪೂರ್ತಿ ಬಿಡುವಂತೆಯೂ ಇಲ್ಲ: ಪ್ಯಾರಿಸಿನ ಲಾ ವಿಲೆಟ್ ಉದ್ಯಾನಕ್ಕಾಗಿ ಐಸೆನ್‌ಮನ್ ಮತ್ತು ಅವರು ಕೂಡಿ ಒಂದು ತೋಟದ ವಿನ್ಯಾಸ ಮಾಡಿದ್ದರು, ಅದು ಕಾಗದದಲ್ಲೇ ಉಳಿಯಿತು. 'ನಿರಚನಾವಾದ' ಎಂದರೆ ದೆರಿದಾ ಕೇಳಿಸುತ್ತಾರೆ, ರಷ್ಯ ಕೇಳಿಸುವುದಿಲ್ಲ. ಕನ್‌ಸ್ಟ್ರಕ್ಟಿವಿಸಂಗೆ 'ರಚನಾವಾದ' ಎನ್ನೋಣವೆಂದರೆ ಅದನ್ನು ಶಿಕ್ಷಣದವರು ಆಗಲೇ ಎತ್ತಿಕೊಂಡಿದ್ದಾರೆ.

ನಾನು ಸಿಕ್ಕಿಕೊಂಡ ವಾಕ್ಯ ಐಸೆನ್‌ಮನ್ ಅವರೇ ವಿನ್ಯಾಸ ಮಾಡಿದ ವೆಕ್ಸ್‌ನರ್ ಸೆಂಟರ್ ಎಂಬ ಕಲಾಕೇಂದ್ರದ (1989, ಒಹಾಯೊ) ಬಗ್ಗೆ. ಅಲ್ಲಿ ಮೆಟ್ಟಿಲುಗಳ ಮೇಲೆ ಒಂದು ಕಂಬ ಚಾವಣಿಯಿಂದ ಇಳಿದು, ನೆಲ ಮುಟ್ಟದೆ ಅರ್ಧಕ್ಕೇ ನಿಂತುಬಿಟ್ಟಿದೆ. ಏನನ್ನೂ ಹೊರುವುದಿಲ್ಲ. ಕಂಬ ಎಂದರೆ ಹೊರುವುದು ಎಂಬ ನಮ್ಮ ನಂಬಿಕೆಯನ್ನು ಆ ಕಂಬ 'ಡಿಕನ್‌ಸ್ಟ್ರಕ್ಟ್' ಮಾಡುತ್ತದೆ ಎನ್ನುತ್ತಾರೆ ಲೇಖಕರು. 'ಒಡೆಯುತ್ತದೆ' ಎಂದರೆ ಹಾರೆ, ಗುದ್ದಲಿ ಬಂದಂತಾಗುತ್ತದೆ. ಕಟ್ಟಡ ಗಟ್ಟಿಯಾಗೇ ಇದೆ. 'ನಿರಚಿಸುತ್ತದೆ' ಎಂದು ಯಾರೂ ಆಡುವುದಿಲ್ಲ. ಸದ್ಯಕ್ಕೆ 'ನಂಬಿಕೆಯ ಕೀಲು ಕಳಚಿ ತೋರಿಸುತ್ತದೆ' ಎಂದು ಹಾಕಿದ್ದೇನೆ. ಕಳಚುವುದೂ ಬಂತು, ಕೀಲು ಎಲ್ಲಿತ್ತೆಂದು ಕಾಣಿಸುವುದೂ ಬಂತು. ಪಂಥದ ಹೆಸರಿಗೆ ಮಾತ್ರ ಇದು ಒಗ್ಗದು; 'ಕಳಚುಕಟ್ಟು' ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ.

ಪಂಥದ ಹೆಸರನ್ನು ಹಾಗೇ ಬಿಟ್ಟು ಕ್ರಿಯಾಪದವನ್ನಷ್ಟೇ ಕನ್ನಡಕ್ಕೆ ತಂದರೆ ಒಪ್ಪುವಿರಾ? 'ಕೀಲು ಕಳಚು' ಎಂದರೆ ನಿಮ್ಮ ಕಿವಿಗೆ 'ಹಾಳುಮಾಡು' ಎಂದೇ ಕೇಳಿಸುತ್ತದೆಯೇ?